ಪಾರ್ಕಿಂಗ್ ಮೂಲೆಯ ವ್ಯಾನು

ಇವತ್ತು ಲೈಬ್ರರಿಯಿಂದ ಬರುವಾಗ ಪಾರ್ಕಿಂಗ್ ಮೂಲೆಯಲ್ಲಿ ಹಳೇ ವ್ಯಾನೊಂದು ನಿಂತಿತ್ತು. ಕಿಟಕಿಗೆ ಒಳಗಿನಿಂದ ಕಪ್ಪು ಬಟ್ಟೆ. ಕೆನ್ ಇಲ್ಗುನಾಸ್ ನೆನಪಾದರು.

ಅವರು ನಾನೀಗ ಇರುವ, ಅಮೆರಿಕದ ಇದೇ ಡರ್ಹಮ್‌ನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಮೊದಲ ಡಿಗ್ರಿಗೆ ಆಗಿದ್ದ 32,000 ಡಾಲರ್ ಸಾಲವನ್ನು ಅಲಾಸ್ಕಾದಲ್ಲಿ ದುಡಿದು ತೀರಿಸಿದ್ದರು. ಮತ್ತೆ ಸಾಲ ಬೇಡ ಅಂತ 2009ರಲ್ಲಿ 1,500 ಡಾಲರಿಗೆ ಹಳೇ ಫೋರ್ಡ್ ವ್ಯಾನು ಕೊಂಡು ಅದರಲ್ಲೇ ಇದ್ದುಬಿಟ್ಟರು. ಅಡುಗೆ ಪುಟ್ಟ ಕ್ಯಾಂಪಿಂಗ್ ಸ್ಟೌ ಮೇಲೆ, ಸ್ನಾನ ಕ್ಯಾಂಪಸ್ಸಿನ ಜಿಮ್‌ನಲ್ಲಿ, ಓದು ಲೈಬ್ರರಿಯಲ್ಲಿ. 2011ರಲ್ಲಿ ಸಾಲವಿಲ್ಲದೆ ಓದು ಮುಗಿಸಿದರು.

ನನ್ನನ್ನು ತುಂಬಾ ಕಾಡುವುದು ವ್ಯಾನಿನೊಳಗಿನ ಚಳಿಯಲ್ಲ, ಅವರ ಗುಟ್ಟು. ಮೊದಲಿಗೆ ಅವರು ಯಾರಿಗೂ ಹೇಳಿರಲಿಲ್ಲ. ಗೊತ್ತಾದರೆ ವಿಶ್ವವಿದ್ಯಾಲಯದವರು ವ್ಯಾನಿನಲ್ಲಿ ಇರಲು ಬಿಡುವುದಿಲ್ಲ ಅನ್ನುವ ಭಯ. ಹೊಸ ಊರು, ಮನೆಗೆ ಒಬ್ಬರನ್ನೂ ಕರೆಯುವಂತಿಲ್ಲ. ದುಡ್ಡು ಉಳಿಸೋದು ಎಷ್ಟು ಒಂಟಿ ಕೆಲಸ, ಅಲ್ವಾ?

ನಮ್ಮ ತಾತ ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಸಂಕೋಚ ಇತ್ತಂತೆ, ಆದರೆ ಏಳು ಮನೆಯವರಿಗೂ ಅವರ ಪರೀಕ್ಷೆ ಯಾವಾಗ ಅಂತ ಗೊತ್ತಿತ್ತು. ಬುಧವಾರದ ಮನೆಯ ಅಜ್ಜಿ ಪರೀಕ್ಷೆ ದಿನ ಮೊಸರನ್ನ ಕಟ್ಟಿಕೊಡುತ್ತಿದ್ದರಂತೆ. ಅದನ್ನು ಹೇಳುವಾಗ ತಾತನ ದನಿ ಈಗಲೂ ಮೆತ್ತಗಾಗುತ್ತದೆ.

ನಾವು ಮೂವರು ಬಾಡಿಗೆ ಹಂಚಿಕೊಂಡು ಇದ್ದೇವೆ. ಸಾಲ ನನ್ನ ತಲೆ ಮೇಲೂ ಇದೆ. ಆದರೆ ರಾತ್ರಿ ಮಾತಾಡೋಕೆ ಜನ ಇದ್ದಾರೆ.

ಆ ವ್ಯಾನಿನಲ್ಲಿ ಯಾರಾದರೂ ಇದ್ದಾರೋ, ಸುಮ್ನೆ ನಿಲ್ಲಿಸಿದ್ದಾರೋ. ನಾಳೆ ಚಿತ್ರಾನ್ನ ಮಾಡುವಾಗ ಒಂದು ಡಬ್ಬಿ ಜಾಸ್ತಿ ತುಂಬಿಕೊಂಡು ಹೋಗುತ್ತೇನೆ.