ಕೈಗಾವನ್ನು ನೋಡುವವರು ಯಾರು?

ನಾನಿರುವ ಆಸ್ಟ್ರಿಯಾದಲ್ಲಿ ಎದುರು ಮನೆಯ ಅಜ್ಜಿ ಹೋದ ವಾರ ಆಡಿದ ಒಂದು ಮಾತು ಇನ್ನೂ ಕೊರೆಯುತ್ತಿದೆ. ನಮ್ಮ ಉತ್ತರ ಕನ್ನಡದ ಕೈಗಾ ಅಣುಸ್ಥಾವರದ ಬಗ್ಗೆ ಹೆಮ್ಮೆಯಿಂದ ಹೇಳುತ್ತಿದ್ದೆ. 2018ರ ಕೊನೆಗೆ ಅಲ್ಲಿನ ಮೊದಲ ಘಟಕ 962 ದಿನ ಒಮ್ಮೆಯೂ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತ್ತಲ್ಲ, ಅದನ್ನು. ಅವರು ಪೂರ್ತಿ ಕೇಳಿಸಿಕೊಂಡು, "ತಪಾಸಣೆ ಮಾಡುವವರು ಯಾರು?" ಅಂದರು. ಸರ್ಕಾರದ ಮಂಡಳಿ ಇದೆ ಅಂದೆ. "ನಡೆಸುವವರು?" ಸರ್ಕಾರದ ಕಂಪನಿ. "ಹಾಗಾದರೆ ಮನೆಯವರ ಲೆಕ್ಕವನ್ನು ಮನೆಯವರೇ ನೋಡ್ತಾರೆ."

ನೋವಾಯಿತು. ಆದರೆ ಆಕೆ ಸುಮ್ನೆ ಮಾತಾಡುವವರಲ್ಲ. 1978ರ ನವೆಂಬರ್ 5ರಂದು ಈ ದೇಶದಲ್ಲಿ ನಡೆದ ಜನಮತಗಣನೆಯಲ್ಲಿ ಮತ ಹಾಕಿದವರು. ಡಾನ್ಯೂಬ್ ದಂಡೆಯ ಟ್ಸ್ವೆಂಟೆನ್‌ಡಾರ್ಫ್‌ನಲ್ಲಿ ಅಣುಸ್ಥಾವರ ಆಗಲೇ ಕಟ್ಟಿ ಮುಗಿದಿತ್ತು. ಬೇಡ ಅಂದವರು ಶೇ. 50.5. ಅದು ಒಂದು ದಿನವೂ ಓಡಲಿಲ್ಲ. 1986ರಲ್ಲಿ ಚೆರ್ನೋಬಿಲ್‌ನ ಧೂಳು ಮಳೆಯ ಜೊತೆ ಆಸ್ಟ್ರಿಯಾದಲ್ಲೂ ಇಳಿದಾಗ, ಮಕ್ಕಳನ್ನು ಮರಳಲ್ಲಿ ಆಡಲು ಬಿಡಲಿಲ್ಲವಂತೆ.

ಅಣುವಿದ್ಯುತ್ ಬೇಡವೆಂದ ಇದೇ ದೇಶದ ವಿಯೆನ್ನಾದಲ್ಲಿ 1957ರಿಂದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ ಇದೆ. ಅಣು ಇಂಧನವನ್ನು ಯಾರೂ ಮುಟ್ಟಿಲ್ಲವೆಂದು ತಿಳಿಯಲು ಅದರ ತಪಾಸಣೆಗಾರರು ಬಳಸುವ ಒಂದು ಲೋಹದ ಮುದ್ರೆ ಇದೆ, ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅದರ ಒಳಮೈಯಲ್ಲಿ ಗೀರು ಹಾಕಿ, ಫೋಟೋ ತೆಗೆದಿಟ್ಟು, ಆಮೇಲೆ ಕಳಿಸುತ್ತಾರೆ. ಮುದ್ರೆ ವಾಪಸ್ ಬಂದಾಗ ಗೀರು ಗೀರಿಗೆ ತಾಳೆ ನೋಡುತ್ತಾರೆ. ಹತ್ತಿ ಬಟ್ಟೆಯ ಚೌಕದಿಂದ ಗೋಡೆ, ಕೊಳವೆ ಒರೆಸಿ ತಂದು ಸೈಬರ್ಸ್‌ಡಾರ್ಫ್‌ನ ಲ್ಯಾಬಿನಲ್ಲಿ ಯುರೇನಿಯಂ ಕಣ ಹುಡುಕುತ್ತಾರೆ. ಇಷ್ಟು ಕಟ್ಟುನಿಟ್ಟು ನೋಡಿದರೆ ನಿಜಕ್ಕೂ ಗೌರವ ಬರುತ್ತದೆ.

ಆದರೆ ಇದೆಲ್ಲ ಅಣು ಇಂಧನ ಬಾಂಬಿಗೆ ಹೋಗದಂತೆ ತಡೆಯೋಕೆ. ಸ್ಥಾವರ ಸುರಕ್ಷಿತವಾಗಿದೆಯೇ ಅನ್ನುವುದು ಬೇರೆಯೇ ವಿಷಯ. ಅದು ಆಯಾ ದೇಶದ ಜವಾಬ್ದಾರಿ. ಕರೆದರೆ ಮಾತ್ರ ಐಎಇಎ ತಜ್ಞರು ಬರುತ್ತಾರೆ, ಸಲಹೆ ಕೊಟ್ಟು ಹೋಗುತ್ತಾರೆ. ಪಾಲಿಸಲೇಬೇಕೆಂದು ಹೇಳುವ ಅಧಿಕಾರ ಅವರಿಗಿಲ್ಲ. ಇನ್ನು ನಮ್ಮ ಕೈಗಾ? 2006ರಲ್ಲಿ ಭಾರತ ಕೆಲವು ಸ್ಥಾವರಗಳನ್ನು ಐಎಇಎ ಕಣ್ಗಾವಲಿಗೆ ಬಿಟ್ಟುಕೊಡಲು ಒಪ್ಪಿದಾಗ, ಕೈಗಾದ ನಾಲ್ಕೂ ಘಟಕಗಳನ್ನು ಆ ಪಟ್ಟಿಯ ಹೊರಗೇ ಇಟ್ಟಿತು.

ಅಜ್ಜಿಯ ಮಾತನ್ನು ನಮ್ಮವರೇ ಹಿಂದೆ ಹೇಳಿದ್ದಾರೆ. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಹುಟ್ಟಿದ್ದು ಸರ್ಕಾರಿ ಆದೇಶದಿಂದ. ಅದು ಉತ್ತರ ಕೊಡಬೇಕಿದ್ದುದು ಅಣುಶಕ್ತಿ ಆಯೋಗಕ್ಕೆ, ಆ ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಇದು ಸರಿಯಲ್ಲ ಎಂದು 2012ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಬರೆಯಿತು. ಮಂಡಳಿಯ ಸ್ವಾತಂತ್ರ್ಯವನ್ನು ಕಾನೂನಿನಲ್ಲೇ ಬರೆಯಿರಿ ಎಂದು 2015ರಲ್ಲಿ ಐಎಇಎ ತಂಡವೂ ಹೇಳಿತು. ಹೊಸ ಪ್ರಾಧಿಕಾರಕ್ಕೆಂದು 2011ರಲ್ಲಿ ತಂದಿದ್ದ ಮಸೂದೆ ಪಾಸಾಗದೆ ಬಿದ್ದುಹೋಯಿತು.

ಕಾರಂತಜ್ಜ ನೆನಪಾಗುತ್ತಾರೆ. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತಿದ್ದರು. ಕೈಗಾ ಬೇಡ ಅನ್ನುವುದೂ ಆ ಸ್ಪರ್ಧೆಯ ಹಿಂದಿತ್ತು. ಸೋತರು. 1994ರಲ್ಲಿ ಕಟ್ಟುತ್ತಿದ್ದಾಗಲೇ ಕೈಗಾದ ಗುಮ್ಮಟದ ಒಳಭಾಗ ಕುಸಿಯಿತು. 2009ರಲ್ಲಿ ಯಾರೋ ಕುಡಿಯುವ ನೀರಿಗೆ ವಿಕಿರಣ ಸೂಸುವ ಟ್ರಿಟಿಯಂ ಸೇರಿಸಿದ್ದರಿಂದ 50ಕ್ಕೂ ಹೆಚ್ಚು ಕೆಲಸಗಾರರ ದೇಹಕ್ಕೆ ಅದು ಹೋಯಿತು.

ನಾನು ಅಣುವಿದ್ಯುತ್ತಿನ ವಿರೋಧಿಯಲ್ಲ. ಕಲ್ಲಿದ್ದಲು ಬಿಡಬೇಕೆಂದರೆ ಇದೂ ಬೇಕು. 2047ಕ್ಕೆ 1 ಲಕ್ಷ ಮೆಗಾವ್ಯಾಟ್ ಅಣುವಿದ್ಯುತ್ ಅನ್ನುವುದು ನಮ್ಮ ಗುರಿ. 2050ರೊಳಗೆ ಜಗತ್ತಿನ ಅಣುವಿದ್ಯುತ್ತನ್ನು ಮೂರು ಪಟ್ಟು ಮಾಡೋಣವೆಂದು 2023ರಲ್ಲಿ ದುಬೈನಲ್ಲಿ 20ಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. ಸ್ಥಾವರ ಇಷ್ಟು ಹೆಚ್ಚುವಾಗ, ಕರೆದರೆ ಮಾತ್ರ ಬರುವ ತಪಾಸಣೆ ಸಾಕಾಗದು ಅಲ್ವಾ? ರಾಜಸ್ಥಾನದ ಸ್ಥಾವರಕ್ಕೆ 2012ರಲ್ಲಿ ಐಎಇಎ ತಂಡವನ್ನು ನಾವೇ ಕರೆಸಿದ್ದೆವು. ಅಂಥ ತಂಡ ನಮ್ಮ ಪ್ರತಿ ಸ್ಥಾವರಕ್ಕೂ ಇಂತಿಷ್ಟು ವರ್ಷಕ್ಕೊಮ್ಮೆ ಬರಲೇಬೇಕೆಂದು ಕಾನೂನಾಗಲಿ. ಅವರು ಬರೆದ ವರದಿ ಕೈಗಾದ ಪಕ್ಕದ ಕಾಳಿ ನದಿಯ ದಂಡೆಯಲ್ಲಿ ಬದುಕುವವರಿಗೆ ಕನ್ನಡದಲ್ಲಿ ಓದಲು ಸಿಗಲಿ.