ಮೀಂಡ್ ಎಳೆದರೆ ಷಡ್ಜವೂ ಜಾರಿತು

ಪೇಟಿಯ (ಹಾರ್ಮೋನಿಯಂ) ಮೇಲೆ ಮೀಂಡ್, ಅಂದರೆ ಸ್ವರಗಳ ನಡುವಿನ ಜಾರು, ಬರುವುದಿಲ್ಲವೆಂಬ ಕೊರಗು ಬೆಳಗಾವಿಯಲ್ಲಿ ಹೊಸದಲ್ಲ. ಪಂಡಿತ ರಾಮಭಾವು ವಿಜಾಪುರೆಯವರಂಥ ವಾದಕರು ಬಾಳಿದ ಊರಿನಲ್ಲಿ ಕುಳಿತು ಆ ವಾದ್ಯವನ್ನು ದೂರಲು ನನಗೆ ಸಂಕೋಚವೇ. ಆದರೂ ಸ್ವರದಿಂದ ಸ್ವರಕ್ಕೆ ಜಾರಬೇಕೆಂಬ ಆಸೆಯಿಂದಲೇ ಟಿಳಕವಾಡಿಯ ಮನೆಯಲ್ಲಿ ಒಂದು ಮಿಡಿ (MIDI) ಕೀಬೋರ್ಡನ್ನು, ಅಂದರೆ ನುಡಿಸಿದ್ದನ್ನು ಸಂಖ್ಯೆಗಳ ಸಂದೇಶವಾಗಿ ಕಳಿಸುವ ಮನೆಗಳ ಹಲಗೆಯನ್ನು, ಕಂಪ್ಯೂಟರಿಗೆ ಜೋಡಿಸಿಕೊಂಡೆ. ಮೊದಲ ಸಂಜೆ ಎಡಗೈಯಲ್ಲಿ ಷಡ್ಜ-ಪಂಚಮಗಳನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಗಾಂಧಾರ ನುಡಿಸಿ, ಜೊತೆಗಿದ್ದವರಿಗೆ ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಚಕ್ರವನ್ನು ತಿರುಗಿಸಲು ಹೇಳಿದೆ. ಗಾಂಧಾರದೊಂದಿಗೆ ಷಡ್ಜ-ಪಂಚಮಗಳೂ ಮೇಲಕ್ಕೆ ಜಾರಿದವು. ಆಧಾರ ಷಡ್ಜವೇ ಅಲುಗಿದ ಮೇಲೆ ರಾಗ ಎಲ್ಲಿ ನಿಲ್ಲಬೇಕು?

ಕೀಬೋರ್ಡಿನ ದೋಷವೆಂದು ನಾನು ಭಾವಿಸಿದ್ದು, ವಾಸ್ತವದಲ್ಲಿ ಚಾನೆಲ್ಲಿನ ಸ್ವಭಾವವಾಗಿತ್ತು. ಚಾನೆಲ್ ಎಂದೊಡನೆ ಬೇರೆ ಬೇರೆ ತಂತಿಗಳನ್ನು ಕಲ್ಪಿಸಿಕೊಳ್ಳುತ್ತೇವೆ, ಆದರೆ 1983ರ ಮಿಡಿ ವ್ಯವಸ್ಥೆಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳ ವೇಗದಲ್ಲಿ ಎಲ್ಲ ಸಂದೇಶಗಳೂ ಒಂದೇ ಕೇಬಲ್ಲಿನಲ್ಲಿ, ಒಂದರ ಹಿಂದೊಂದು ಸಾಗುತ್ತವೆ. ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಗೋಕಾಕದ ಬಸ್ಸನ್ನು ಕೂಗಿದರೆ ಎಲ್ಲರಿಗೂ ಕೇಳಿಸುತ್ತದೆ, ಏಳುವವರು ಗೋಕಾಕದವರು ಮಾತ್ರ. ಹಾಗೆಯೇ ಪ್ರತಿಯೊಂದು ವಾದ್ಯವೂ ತನ್ನ ಚಾನೆಲ್ ಸಂಖ್ಯೆ ಹೊತ್ತ ಸಂದೇಶಕ್ಕಷ್ಟೇ ಓಗೊಡುತ್ತದೆ. ಆ ಸಂಖ್ಯೆ ಸಂದೇಶದ ಮೊದಲ ಬೈಟಿನಲ್ಲಿಯೇ ಇರುತ್ತದೆ: ಅರ್ಧ ಭಾಗ ಏನು ಮಾಡಬೇಕೆಂಬುದನ್ನು, ಉಳಿದರ್ಧ ಯಾರು ಮಾಡಬೇಕೆಂಬುದನ್ನು ತಿಳಿಸುತ್ತದೆ. ಅರ್ಧವೆಂದರೆ ನಾಲ್ಕು ಬಿಟ್, ಒಂದೊಂದು ಬಿಟ್ಟೂ 0 ಅಥವಾ 1, ಆದ್ದರಿಂದಲೇ ಚಾನೆಲ್ಲುಗಳು 16. ಕಾಳಿ ಒಂದರ (ಮೊದಲ ಕಪ್ಪು ಮನೆಯ) ಷಡ್ಜವನ್ನು ಮೊದಲ ಚಾನೆಲ್ಲಿನಲ್ಲಿ ನುಡಿಸಿದರೆ 144 (ಮೊದಲ ಚಾನೆಲ್ಲಿನಲ್ಲಿ ನುಡಿಸು), 61 (ಸ್ವರದ ಸಂಖ್ಯೆ) ಮತ್ತು ಒತ್ತಿನ ವೇಗ ಹೊರಡುತ್ತವೆ. ಎರಡನೆಯದರಲ್ಲಾದರೆ 144ರ ಜಾಗದಲ್ಲಿ 145 ಬರುತ್ತದೆ, ಅಷ್ಟೇ ವ್ಯತ್ಯಾಸ.

ನನ್ನ ತೊಂದರೆಯ ಮೂಲ ಮೀಂಡಿನ ಸಂದೇಶದಲ್ಲಿತ್ತು. ಪಿಚ್ ಬೆಂಡ್ 16,384 ಮೆಟ್ಟಿಲುಗಳಷ್ಟು ನಯವಾಗಿ ಜಾರಬಲ್ಲದು, ಆದರೆ ಅದರಲ್ಲಿ ಯಾವ ಸ್ವರ ಜಾರಬೇಕೆಂಬ ಮಾಹಿತಿಯೇ ಇಲ್ಲ. ಚಾನೆಲ್ ಸಂಖ್ಯೆ ಮಾತ್ರ ಇದೆ. ಆ ಚಾನೆಲ್ಲಿನಲ್ಲಿ ಮೊಳಗುತ್ತಿರುವ ಎಲ್ಲ ಸ್ವರಗಳೂ ಒಟ್ಟಿಗೇ ಬಾಗುತ್ತವೆ. ನಮ್ಮ ಸಂಗೀತಕ್ಕೆ ಇದು ಸಣ್ಣ ಕೊರತೆಯೇನಲ್ಲ.

ಕೀಬೋರ್ಡಿನ ಎಡಭಾಗವನ್ನು ಎರಡನೆಯ ಚಾನೆಲ್ಲಿಗೆ ಬೇರ್ಪಡಿಸಿ, ಅಲ್ಲಿ ತಂಬೂರಿಯ ದನಿಯನ್ನಿಟ್ಟಾಗ ಷಡ್ಜ ಅಲುಗದೆ ನಿಂತಿತು. (ಒಮ್ಮೆ ಅವಸರದಲ್ಲಿ ತಂಬೂರಿಯನ್ನು ಹತ್ತನೆಯ ಚಾನೆಲ್ಲಿಗೆ ಕಳಿಸಿದ್ದೆ, 1991ರ ಜನರಲ್ ಮಿಡಿ ನಿಯಮದಂತೆ ಅದು ತಾಳವಾದ್ಯಗಳಿಗೆ ಮೀಸಲು, ಪಂಚಮದ ಬದಲು ಡ್ರಮ್ಮಿನ ಸದ್ದು ಬಂತು.) ಮೀಂಡಿನ ವ್ಯಾಪ್ತಿಯೂ ಚಾನೆಲ್ಲಿಗೊಂದರಂತೆ ಹೊಂದಿಸುವ ಸಂಗತಿಯೇ. ಸಾಮಾನ್ಯವಾಗಿ ಅದು ಮೇಲಕ್ಕೂ ಕೆಳಕ್ಕೂ ಎರಡೆರಡು ಅರ್ಧಸ್ವರಗಳಷ್ಟಿರುತ್ತದೆ, ಷಡ್ಜದಿಂದ ಪಂಚಮಕ್ಕಾದರೆ ಏಳು ಬೇಕು. ಕೀಬೋರ್ಡ್ ಕಳಿಸುವ ಸಂಖ್ಯೆ ಬದಲಾಗುವುದಿಲ್ಲವಾದ್ದರಿಂದ, ದನಿ ಹೊರಡಿಸುವ ತಂತ್ರಾಂಶದಲ್ಲಿಯೇ ಈ ವ್ಯಾಪ್ತಿಯನ್ನು ಹಿಗ್ಗಿಸಬೇಕು.

ಎರಡು ಸ್ವರಗಳನ್ನು ಒಂದೇ ಕೈಯಲ್ಲಿ ಬೇರೆ ಬೇರೆ ದಿಕ್ಕಿಗೆ ಜಾರಿಸಬೇಕೆಂದರೆ ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್ ಕೊಡಬೇಕಾಗುತ್ತದೆ. 2018ರಲ್ಲಿ ಅಂಗೀಕೃತವಾದ ಎಂಪಿಇ (ಮಿಡಿ ಪಾಲಿಫೋನಿಕ್ ಎಕ್ಸ್‌ಪ್ರೆಶನ್) ಪದ್ಧತಿ ಮಾಡುವುದು ಇದನ್ನೇ: ಒಂದು ಚಾನೆಲ್ಲನ್ನು ಎಲ್ಲರ ಯಜಮಾನನಾಗಿ ಉಳಿಸಿಕೊಂಡು, ಮಿಕ್ಕ ಹದಿನೈದನ್ನು ಬೆರಳುಗಳಿಗೆ ಹಂಚುತ್ತದೆ. ನನ್ನ ಹಳೆಯ ಕೀಬೋರ್ಡಿಗೆ ಅದು ತಿಳಿಯದು. ಹಾಗಾಗಿ ತಂಬೂರಿ ಎರಡರಲ್ಲಿ, ಬಲಗೈಯ ಬಾನ್ಸುರಿ (ಕೊಳಲಿನ) ದನಿ ಒಂದರಲ್ಲಿ, ಚಕ್ರದ ಮೇಲೆ ಈಗ ನನ್ನದೇ ಎಡಗೈ. ಷಡ್ಜ-ಪಂಚಮಗಳನ್ನು ಸಸ್ಟೇನ್ ಪೆಡಲ್ ಹಿಡಿದುಕೊಳ್ಳುತ್ತದೆ.