ಪದಕ ಪಟ್ಟಿ ಆಮೇಲೆ, ಮೊದಲು ಆಟಗಳ ಪಟ್ಟಿ ನೋಡಿ

ಇಂಡೊನೇಷ್ಯಾ 2014ರ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ ಗೆದ್ದ ಚಿನ್ನ 4. ನಾಲ್ಕು ವರ್ಷ ಕಳೆದು ತನ್ನದೇ ಜಕಾರ್ತ-ಪಾಲೆಂಬಾಂಗ್‌ನಲ್ಲಿ 31. ಮುಂದಿನ ಕೂಟ 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ, ಅಲ್ಲಿ ಮತ್ತೆ 7. ಇಂಡೊನೇಷ್ಯಾದ ಕ್ರೀಡಾಪಟುಗಳು ಒಂದೇ ಕೂಟದಲ್ಲಿ ಹುಲಿಗಳಾಗಿ ಮುಂದಿನದರಲ್ಲಿ ಇಲಿಗಳಾದರು ಅಂತೇನೂ ಅಲ್ಲ. ಜಕಾರ್ತದ ಪಟ್ಟಿಯಲ್ಲಿ ಪೆಂಚಾಕ್ ಸಿಲಾಟ್ ಎಂಬ ಅವರದೇ ನೆಲದ ಸಮರಕಲೆ ಇತ್ತು. ಅದರ 16 ಚಿನ್ನಗಳಲ್ಲಿ 14 ಆತಿಥೇಯರ ಪಾಲಾದವು. ಹಾಂಗ್‌ಝೌನಲ್ಲಿ ಆ ಆಟವೇ ಇರಲಿಲ್ಲ. 2010ರಲ್ಲಿ ಚೀನಾದ ಗ್ವಾಂಗ್‌ಝೌ ಡ್ಯಾನ್ಸ್‌ಸ್ಪೋರ್ಟ್ ಎಂಬ ಜೋಡಿ ನೃತ್ಯದ ಸ್ಪರ್ಧೆ ಸೇರಿಸಿದಾಗಲೂ ಹೀಗೇ ಆಯಿತು: ಹತ್ತಕ್ಕೆ ಹತ್ತೂ ಚಿನ್ನ ಚೀನಾಕ್ಕೆ.

ಇದನ್ನು ಮೋಸ ಎನ್ನಲಾಗದು. ಏಷ್ಯನ್ ಗೇಮ್ಸ್ ನಡೆದುಕೊಂಡು ಬಂದಿರುವುದೇ ಹೀಗೆ. ಅಥ್ಲೆಟಿಕ್ಸ್, ಈಜು ಬಿಡುವಂತಿಲ್ಲ, ಒಲಿಂಪಿಕ್ ಆಟಗಳಲ್ಲಿ ಬಹುಪಾಲು ಇದ್ದೇ ಇರುತ್ತವೆ. ಉಳಿದ ಜಾಗಕ್ಕೆ ಏಷ್ಯಾ ಒಲಿಂಪಿಕ್ ಮಂಡಳಿ ಮತ್ತು ಆತಿಥೇಯ ದೇಶದ ನಡುವೆ ಹಗ್ಗಜಗ್ಗಾಟ. 1951ರಲ್ಲಿ ದೆಹಲಿಯಲ್ಲಿ ಮೊದಲ ಕೂಟ ನಡೆದಾಗ 11 ದೇಶ, 489 ಕ್ರೀಡಾಪಟುಗಳು. ಇದ್ದದ್ದು ಅಥ್ಲೆಟಿಕ್ಸ್, ಜಲಕ್ರೀಡೆ, ಬ್ಯಾಸ್ಕೆಟ್‌ಬಾಲ್, ಸೈಕ್ಲಿಂಗ್, ಫುಟ್‌ಬಾಲ್ ಮತ್ತು ಭಾರ ಎತ್ತುವಿಕೆ ಮಾತ್ರ. ಹಾಕಿ ಬಂದದ್ದು 1958ರ ಟೋಕಿಯೊದಲ್ಲಿ, ಬ್ಯಾಡ್ಮಿಂಟನ್ 1962ರ ಜಕಾರ್ತದಲ್ಲಿ. ಕಬಡ್ಡಿ 1982ರಲ್ಲಿ ದೆಹಲಿಯಲ್ಲಿ ಪ್ರದರ್ಶನಕ್ಕಷ್ಟೇ ಸೀಮಿತವಾಗಿ, 1990ರ ಬೀಜಿಂಗ್‌ನಲ್ಲಿ ಪದಕದ ಆಟವಾಯಿತು; ಚೆಂಡನ್ನು ಕಾಲಲ್ಲಿ ಒದ್ದು ಬಲೆ ದಾಟಿಸುವ ಸೆಪಕ್ ಟಕ್ರಾ, ಚೀನಾದ ಸಮರಕಲೆ ವುಶು ಕೂಡ ಅದೇ ವರ್ಷ ಬಂದವು. ಪಟ್ಟಿ ಬೆಳೆದು ಬೆಳೆದು ಗ್ವಾಂಗ್‌ಝೌನಲ್ಲಿ 42 ಕ್ರೀಡೆ, 476 ಸ್ಪರ್ಧೆಗೆ ಮುಟ್ಟಿತು. ಮಂಡಳಿ ಕತ್ತರಿ ಹಿಡಿದು ಇಂಚಾನ್‌ನಲ್ಲಿ ಅದನ್ನು 36ಕ್ಕೆ ಇಳಿಸಿತು: 28 ಒಲಿಂಪಿಕ್ ಆಟ, 8 ಹೊರಗಿನವು. ಆ ಕತ್ತರಿಗೆ ಸಿಕ್ಕಿದವುಗಳಲ್ಲಿ ಚೆಸ್ ಒಂದು. ಅದು ಮರಳಿ ಬಂದದ್ದು ಹಾಂಗ್‌ಝೌನಲ್ಲಿ. ನಡುವೆ ಚೆಸ್‌ನಲ್ಲಿ ಭಾರತದ ಕೈ ಎಷ್ಟು ಬಲವಾಗಿದ್ದರೂ ಅದಕ್ಕೆ ಅಲ್ಲಿ ಬೆಲೆ ಸೊನ್ನೆ.

ಪಟ್ಟಿ ಓದುವಾಗ ಮೂರು ಹಂತಗಳನ್ನು ಬೇರೆಬೇರೆಯಾಗಿ ನೋಡಬೇಕು: ಕ್ರೀಡೆ, ಅದರೊಳಗಿನ ವಿಭಾಗ, ಕೊನೆಗೆ ಪದಕ ಕೊಡುವ ಸ್ಪರ್ಧೆ. ಹಾಂಗ್‌ಝೌನಲ್ಲಿ 40 ಕ್ರೀಡೆ, 61 ವಿಭಾಗ, 481 ಸ್ಪರ್ಧೆ. ಜಲಕ್ರೀಡೆ ಲೆಕ್ಕಕ್ಕೆ ಒಂದೇ ಕ್ರೀಡೆ, ಆದರೆ ಅದರೊಳಗೆ ಈಜು, ಡೈವಿಂಗ್, ವಾಟರ್ ಪೋಲೊ ಎಲ್ಲ ಇವೆ. ಈಜಿನಲ್ಲೇ 41 ಚಿನ್ನ. ಕಬಡ್ಡಿಯಲ್ಲಿ ಇರುವುದು ಎರಡೇ, ಗಂಡಸರದೊಂದು, ಹೆಂಗಸರದೊಂದು. ಹನ್ನೆರಡು ಮಂದಿಯ ತಂಡ ವಾರಗಟ್ಟಲೆ ಬೆವರು ಸುರಿಸಿ ಗೆದ್ದರೂ ಪಟ್ಟಿಯಲ್ಲಿ ಒಂದು ಅಂಕಿ. ಒಬ್ಬ ಒಳ್ಳೆಯ ಈಜುಗಾರ ಒಂದೇ ಕೂಟದಲ್ಲಿ ಅದರ ಆರು ಪಟ್ಟು ದೋಚಬಹುದು. ಪದಕ ಪಟ್ಟಿಯನ್ನು ದೇಶದ ಕ್ರೀಡಾಬಲದ ಅಳತೆಗೋಲು ಅನ್ನುವವರು ಇದನ್ನು ಮರೆತೇಬಿಡುತ್ತಾರೆ.

ಭಾರತದ ಲೆಕ್ಕವನ್ನೂ ಹೀಗೇ ಬಿಚ್ಚಿ ನೋಡಬಹುದು. ಹಾಂಗ್‌ಝೌನಲ್ಲಿ 107 ಪದಕ, ಅದರಲ್ಲಿ 28 ಚಿನ್ನ. ಬಿಲ್ಲುಗಾರಿಕೆಯಿಂದ ಬಂದ 5 ಚಿನ್ನವೂ ಕಾಂಪೌಂಡ್ ಬಿಲ್ಲಿನದು. ಆ ವಿಭಾಗದಲ್ಲಿ ಇದ್ದದ್ದೇ ಐದು. ಕಾಂಪೌಂಡ್ ಬಿಲ್ಲಿನ ತುದಿಗಳಲ್ಲಿ ಗಾಲಿಯಂಥ ಕ್ಯಾಮ್‌ಗಳಿರುತ್ತವೆ. ಹೆದೆಯನ್ನು ಪೂರ್ತಿ ಎಳೆದ ಮೇಲೆ ಕೈಮೇಲಿನ ಭಾರ ಬಹುಪಾಲು ಇಳಿದುಬಿಡುತ್ತದೆ, ಹಾಗಾಗಿ ಗುರಿ ನಿಧಾನವಾಗಿ ಹಿಡಿಯಬಹುದು. ನೋಟಕ್ಕೆ ದೊಡ್ಡದು ಮಾಡಿ ತೋರಿಸುವ ಮಸೂರ, ಹೆದೆ ಬಿಡಲು ಕೈಯಲ್ಲೊಂದು ರಿಲೀಸ್. ಗುರಿ 50 ಮೀಟರ್ ದೂರ. ರಿಕರ್ವ್ ಎಂಬ ಇನ್ನೊಂದು ಬಗೆಯ ಬಿಲ್ಲಿನಲ್ಲಿ ಇದ್ಯಾವುದೂ ಇಲ್ಲ. ಬೆರಳಲ್ಲೇ ಎಳೆದು 70 ಮೀಟರ್‌ಗೆ ಹೊಡೆಯಬೇಕು. ಅಂಕದ ಲೆಕ್ಕವೂ ಬೇರೆ. ರಿಕರ್ವ್ ವೈಯಕ್ತಿಕ ಪಂದ್ಯ ಸೆಟ್‌ಗಳಲ್ಲಿ ನಡೆಯುವುದರಿಂದ ಒಂದು ಬಾಣ ಕೆಟ್ಟರೆ ಆ ಸೆಟ್ ಹೋಯಿತು, ಅಷ್ಟೆ. ಕಾಂಪೌಂಡ್‌ನಲ್ಲಿ 15 ಬಾಣಗಳ ಒಟ್ಟು ಮೊತ್ತ, ಒಂದು 8 ಬಿದ್ದರೆ ಕೊನೆಯವರೆಗೂ ಕಾಡುತ್ತದೆ. 2024ರ ಪ್ಯಾರಿಸ್‌ವರೆಗೆ ಒಲಿಂಪಿಕ್ಸ್‌ನಲ್ಲಿ ರಿಕರ್ವ್ ಮಾತ್ರ ಇತ್ತು. ಏಷ್ಯಾದ ಚಾಂಪಿಯನ್ನರು ಒಲಿಂಪಿಕ್ಸ್‌ನಲ್ಲಿ ಯಾಕೆ ಕಾಣಲಿಲ್ಲ ಅಂತ ಕೇಳುವವರಿಗೆ ಉತ್ತರ ಇಷ್ಟೇ.

ಕಬಡ್ಡಿ ಗೊತ್ತಿಲ್ಲದ ಕನ್ನಡಿಗರಿಲ್ಲ, ಆದರೂ ಹಾಂಗ್‌ಝೌ ಫೈನಲ್ ನೋಡುತ್ತಿದ್ದ ಎಷ್ಟೋ ಮಂದಿ ತಲೆ ಕೆರೆದುಕೊಂಡರು. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಈ ಅಗಲದಲ್ಲಿ ಎರಡೂ ಬದಿಯ ಒಂದೊಂದು ಮೀಟರ್ ಲಾಬಿ. ಯಾರಾದರೂ ಒಬ್ಬರನ್ನೊಬ್ಬರು ಮುಟ್ಟುವವರೆಗೆ ಲಾಬಿ ಆಟದ ಜಾಗವೇ ಅಲ್ಲ, ಮುಟ್ಟಿದ ಮೇಲಷ್ಟೇ ಅದಕ್ಕೆ ಜೀವ. ಇರಾನ್ ಎದುರು 28-28, ಒಂದು ನಿಮಿಷಕ್ಕೆ ತುಸು ಹೆಚ್ಚು ಬಾಕಿ, ಭಾರತದ ಪವನ್ ಸೆಹ್ರಾವತ್ ಅವರದು ಮಾಡು ಇಲ್ಲವೇ ಮಡಿ ರೈಡ್, ಅಂದರೆ ಅಂಕ ತರದಿದ್ದರೆ ರೈಡರ್ ಔಟ್. ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಹಿಂದೆಯೇ ಇರಾನಿನ ಡಿಫೆಂಡರ್‌ಗಳು ನುಗ್ಗಿದರು. ಹಳೆಯ ನಿಯಮ ಹಿಡಿದರೆ ಹಿಂದೆ ಹೋದವರೆಲ್ಲ ಔಟ್, ಭಾರತಕ್ಕೆ 4 ಅಂಕ. ಹೊಸ ತಿದ್ದುಪಡಿ ಹಿಡಿದರೆ ಎರಡೂ ಕಡೆಗೆ ಒಂದೊಂದು. ತೀರ್ಪು ಒಮ್ಮೆ ಹಾಗೆ, ಒಮ್ಮೆ ಹೀಗೆ. ಎರಡೂ ತಂಡ ಮ್ಯಾಟ್ ಮೇಲೇ ಕೂತವು, ಪಂದ್ಯ ನಿಂತಿತು. ಕೊನೆಗೆ 33-29ರಲ್ಲಿ ಚಿನ್ನ ಭಾರತಕ್ಕೆ ಬಂತು. ಯಾವ ನಿಯಮಾವಳಿಯಲ್ಲಿ ಆಡುತ್ತಿದ್ದೇವೆ ಅಂತ ಫೈನಲ್‌ನ ಕೊನೆ ನಿಮಿಷದಲ್ಲಿ ಚರ್ಚೆಯಾಗಬಾರದಿತ್ತು, ಗೆದ್ದವರು ನಾವೇ ಆದರೂ.

ಇರಾನ್ ಹೆದರಿಸುವುದು ಹೊಸದೇನಲ್ಲ. 2018ರಲ್ಲಿ ನಮ್ಮ ಗಂಡಸರು ಸೆಮಿಫೈನಲ್‌ನಲ್ಲಿ 18-27ರಿಂದ ಸೋತು ಮೊದಲ ಬಾರಿ ಚಿನ್ನ ಕಳೆದುಕೊಂಡರು. ಹೆಂಗಸರು ಫೈನಲ್‌ನಲ್ಲಿ 24-27. ಹೆಂಗಸರ ಕಬಡ್ಡಿ ಸೇರಿದ್ದು 2010ರಲ್ಲಿ. ಆ ಮೊದಲ ಚಿನ್ನದ ತಂಡದಲ್ಲೂ ಇಂಚಾನ್‌ನ ತಂಡದಲ್ಲೂ ಕರ್ನಾಟಕದ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಇದ್ದರು.

ಸೆಪಕ್ ಟಕ್ರಾ ಮೊದಲ ಸಲ ನೋಡುವವರಿಗೆ ಒಂದು ಸಲಹೆ: ಚೆಂಡನ್ನು ಬಿಟ್ಟು ಕಾಲುಗಳನ್ನು ನೋಡಿ. ಅಂಕಣ ಬ್ಯಾಡ್ಮಿಂಟನ್ನಿನದೇ ಅಳತೆ, 13.4 ಮೀಟರ್‌ಗೆ 6.1. ಗಂಡಸರ ಬಲೆ ನಡುವೆ 1.52 ಮೀಟರ್ ಎತ್ತರ. ಮೂವರ ತಂಡಕ್ಕೆ ರೆಗು ಅಂತ ಹೆಸರು. ಕೈ ಬಿಟ್ಟು ಕಾಲು, ತಲೆ, ಎದೆ, ಮಂಡಿ ಏನು ಬೇಕಾದರೂ ಬಳಸಿ, ಮೂರು ತಾಗುಗಳೊಳಗೆ ಚೆಂಡು ಆಚೆ ಹೋಗಬೇಕು. ವಾಲಿಬಾಲ್‌ನಂತಲ್ಲ, ಒಬ್ಬನೇ ಮೂರೂ ತಾಗನ್ನು ತೆಗೆದುಕೊಳ್ಳಬಹುದು. ಸರ್ವ್ ಮಾಡುವವನು ಟೆಕೊಂಗ್. ಬಲೆ ಬಳಿಯ ಕಾಲುವೃತ್ತದಲ್ಲಿ (ವೃತ್ತದ ನಾಲ್ಕನೇ ಒಂದು ಭಾಗ) ನಿಂತ ಜೊತೆಗಾರ ಕೈಯಿಂದ ಚೆಂಡು ಎಸೆಯುತ್ತಾನೆ, ಟೆಕೊಂಗ್ ಒಂದು ಕಾಲನ್ನು ಪುಟ್ಟ ವೃತ್ತದೊಳಗೆ ಊರಿ ಇನ್ನೊಂದನ್ನು ತಲೆಯೆತ್ತರಕ್ಕೆ ಬೀಸಿ ಒದೆಯುತ್ತಾನೆ. ಹೊಸ ತಂಡಗಳು ಅಂಕ ಕಳೆದುಕೊಳ್ಳುವುದು ಇಲ್ಲೇ: ಎಸೆತ ಒಂದಂಗುಲ ಆಚೀಚೆಯಾದರೂ ಊರಿದ ಕಾಲು ಗೆರೆ ದಾಟುತ್ತದೆ, ಇಲ್ಲವೇ ಒದೆತ ಬೀಳುವ ಮೊದಲೇ ಬಲೆ ಬಳಿಯವನು ತನ್ನ ಕಾಲುವೃತ್ತ ಬಿಡುತ್ತಾನೆ. ಎರಡೂ ಫೌಲ್. ಭಾರತಕ್ಕೆ ಇದರಲ್ಲಿ 2018ರಲ್ಲಿ ಗಂಡಸರಿಂದ, ಹಾಂಗ್‌ಝೌನಲ್ಲಿ ಹೆಂಗಸರಿಂದ ಕಂಚು ಸಿಕ್ಕಿದೆ. ಆಡುವವರಲ್ಲಿ ಹೆಚ್ಚಿನವರು ಮಣಿಪುರದವರು.

ಕುರಾಶ್ ಉಜ್ಬೆಕಿಸ್ತಾನದ ಕುಸ್ತಿ. ಜೂಡೊದಂತೆ ಅಂಗಿ ಹಿಡಿದು ಎಸೆಯುವುದು, ಆದರೆ ನೆಲದ ಮೇಲಿನ ಹಿಡಿತ ಇಲ್ಲ. ಮಂಡಿ ನೆಲಕ್ಕೆ ತಾಗಿದರೆ ಆಟ ನಿಲ್ಲುತ್ತದೆ. ಸೊಂಟದ ಕೆಳಗೆ ಕೈ ಹಾಕುವಂತಿಲ್ಲ. ಪೂರ್ತಿ ಬೆನ್ನ ಮೇಲೆ ಕೆಡವಿದರೆ ಹಲಾಲ್, ಪಂದ್ಯ ಅಲ್ಲಿಗೇ ಮುಗಿಯಿತು. ಬದಿಗೆ ಬಿದ್ದರೆ ಯಾಂಬೋಶ್, ಎರಡು ಯಾಂಬೋಶ್ ಸೇರಿದರೆ ಹಲಾಲ್. ಅದಕ್ಕಿಂತ ಕೆಳಗಿನ ಅಂಕ ಚಾಲಾ; ಅದು ಎಷ್ಟಿದ್ದರೂ ಕೂಡಿ ಒಂದು ಯಾಂಬೋಶ್ ಆಗುವುದಿಲ್ಲ. 2018ರಲ್ಲಿ ಕುರಾಶ್ ಮೊದಲ ಬಾರಿ ಪಟ್ಟಿಗೆ ಬಂದಾಗ ಹೆಂಗಸರ 52 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದವರು ಬೆಳಗಾವಿಯ ಮಲಪ್ರಭಾ ಜಾಧವ್. ಅದೇ ವಿಭಾಗದ ಬೆಳ್ಳಿ ಪಿಂಕಿ ಬಲ್ಹಾರಾ ಅವರದು.

ಅದೇ ಜಕಾರ್ತದಲ್ಲಿ ಬ್ರಿಜ್ ಇಸ್ಪೀಟಾಟವೂ ಇತ್ತು. ಅದರ ಬೆನ್ನಿಗಿದ್ದವರು ಇಂಡೊನೇಷ್ಯಾದ ಅತಿ ಸಿರಿವಂತರಲ್ಲೊಬ್ಬರಾದ ಮೈಕೆಲ್ ಬಂಬಾಂಗ್ ಹಾರ್ತೊನೊ. 78ನೇ ವಯಸ್ಸಿನಲ್ಲಿ ತಾವೇ ಆಡಿ ಕಂಚನ್ನೂ ಗೆದ್ದರು. ನಮ್ಮ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಪುರುಷರ ಜೋಡಿಯಲ್ಲಿ ಚಿನ್ನ ತಂದರು. ಇಸ್ಪೀಟು ಕ್ರೀಡೆಯೇ ಎಂಬ ಜಗಳ ಬೇಕಾದವರು ಮಾಡಿಕೊಳ್ಳಲಿ.

ಇನ್ನು, ಪಟ್ಟಿಯಲ್ಲಿ ಆಟ ಇದ್ದ ಮಾತ್ರಕ್ಕೆ ನಮ್ಮ ತಂಡ ಹೋಗುತ್ತದೆ ಎಂದುಕೊಳ್ಳಬೇಡಿ. ಕ್ರಿಕೆಟ್ 2010, 2014ರಲ್ಲಿ ಇದ್ದರೂ ಭಾರತ ತಂಡ ಕಳಿಸಲಿಲ್ಲ. ತಂಡದ ಆಟಗಳಿಗೆ ಏಷ್ಯಾದಲ್ಲಿ ಮೊದಲ ಎಂಟರೊಳಗೆ ಸ್ಥಾನ ಇರಬೇಕು ಎಂಬ ಮಾನದಂಡ ಮುಂದಿಟ್ಟು 2018ರಲ್ಲಿ ಫುಟ್‌ಬಾಲ್ ತಂಡವನ್ನು ತಡೆಯಲಾಯಿತು. 2023ರಲ್ಲಿ ಸರ್ಕಾರ ವಿನಾಯಿತಿ ಕೊಟ್ಟಿತು, ಆದರೆ ಕೂಟ ಫಿಫಾ ನಿಗದಿ ಮಾಡಿದ ಅಂತಾರಾಷ್ಟ್ರೀಯ ದಿನಗಳ ಹೊರಗೆ ಬಿದ್ದದ್ದರಿಂದ ಆಟಗಾರರನ್ನು ಬಿಡಲೇಬೇಕೆಂಬ ಕಟ್ಟುಪಾಡು ಕ್ಲಬ್‌ಗಳಿಗಿರಲಿಲ್ಲ; ದೇಶದ ಕ್ಲಬ್ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬೇರೆ ಅದೇ ವಾರ ಶುರು. ಸುನಿಲ್ ಛೆಟ್ರಿ ಜೊತೆ ಸಿಕ್ಕವರನ್ನು ಸೇರಿಸಿ ಕಟ್ಟಿದ ತಂಡ ಹಾಂಗ್‌ಝೌನಲ್ಲಿ ಇಳಿದ ಮರುದಿನವೇ ಚೀನಾ ಎದುರು ಆಡಿ 1-5ರಲ್ಲಿ ಸೋತಿತು. ಆ ಬಳಿಕ ಚೇತರಿಸಿಕೊಂಡು 16ರ ಘಟ್ಟ ಮುಟ್ಟಿ, ಅಲ್ಲಿ ಸೌದಿ ಅರೇಬಿಯಾಕ್ಕೆ 0-2ರಲ್ಲಿ ಮಣಿಯಿತು.